ಮೊಬೈಲ್ ಕಿತ್ತುಕೊಂಡರೆ ಮಗಳು ಊಟ ಮಾಡ್ತಾಳಾ?

ನಾನು ಡಯಟಿಷಿಯನ್ ಅಂತ ಗೊತ್ತಾದ ಕೂಡಲೇ ಅಮ್ಮಂದಿರು ಪಕ್ಕಕ್ಕೆ ಕರೆದು ಕೇಳುವುದು ಇದನ್ನೇ. ಮಗಳು ರಾತ್ರಿ ಊಟ ಬಿಟ್ಟಿದ್ದಾಳೆ, ಕೇಳಿದರೆ ಕ್ಯಾಂಟೀನಲ್ಲೇ ತಿಂದೆ ಅಂತಾಳೆ, ಕನ್ನಡಿ ಮುಂದೆ ನಿಂತು ಹೊಟ್ಟೆ ಒಳಗೆಳೆದುಕೊಳ್ಳುತ್ತಾಳೆ. ಎಲ್ಲಾ ಆ ರೀಲ್ಸ್‌ನಿಂದ ಮೇಡಂ, ಮೊಬೈಲ್ ಕಿತ್ತುಕೊಂಡರೆ ಸರಿಹೋಗುತ್ತಾ?

ಹೋಗಲ್ಲ. ಯಾಕೆ ಅಂದರೆ ಫಿಜಿ ದ್ವೀಪದ ಕಥೆ ಹೇಳಬೇಕು.

ಅಲ್ಲಿ ಮೈಕೈ ತುಂಬಿಕೊಂಡಿರುವುದೇ ಚೆಂದ. ಯಾರಾದರೂ ಸೊರಗಿದರೆ ಮನೆಯವರು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅಂತಲೇ ಅರ್ಥ. ಥೇಟ್ ನಮ್ಮ ಅಜ್ಜಿಯರ ಹಾಗೆ, ಅಲ್ವಾ? 1995ರಲ್ಲಿ ಅಲ್ಲಿನ ನಾಂಡ್ರೊಂಗಾ ಪ್ರಾಂತ್ಯಕ್ಕೆ ಟಿವಿ ಬಂತು. ಅಮೆರಿಕದ ಮನೋವೈದ್ಯೆ ಆನ್ ಬೆಕರ್ ಟಿವಿ ಬಂದ ಹೊಸತರಲ್ಲಿ ಒಮ್ಮೆ, 1998ರಲ್ಲಿ ಇನ್ನೊಮ್ಮೆ ಹೈಸ್ಕೂಲು ಹುಡುಗಿಯರನ್ನು ವಿಚಾರಿಸಿದರು. ಪ್ರತಿ ಸಲ ಅರವತ್ತು ಚಿಲ್ಲರೆ ಹುಡುಗಿಯರು ಅಷ್ಟೇ, ದೊಡ್ಡ ಲೆಕ್ಕ ಅಲ್ಲ. ಆದರೂ, ತೂಕ ಇಳಿಸೋಕೆ ಬೇಕಂತಲೇ ವಾಂತಿ ಮಾಡುವವರು ಮೊದಲ ಸಲ ಒಬ್ಬರೂ ಇರಲಿಲ್ಲ, ಮೂರೇ ವರ್ಷದಲ್ಲಿ ಅಂಥವರು ನೂರಕ್ಕೆ 11 ಆಗಿದ್ದರು. ನೂರಕ್ಕೆ 74 ಹುಡುಗಿಯರಿಗೆ ಒಮ್ಮೊಮ್ಮೆಯಾದರೂ ತಾನು ದಪ್ಪ ಅನ್ನಿಸುತ್ತಿತ್ತು. ಟಿವಿಯಲ್ಲಿ ಬರುವವರ ಹಾಗೆ ತೆಳ್ಳಗಾದರೆ ಒಳ್ಳೆ ಕೆಲಸ ಸಿಗುತ್ತೆ ಅಂತ ಕೆಲವರ ಆಸೆ. "ನಮ್ಮ ಸಂಸ್ಕೃತಿಯಲ್ಲಿ ಇದೆಲ್ಲ ಇಲ್ಲ" ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಮುಂದಿನದು ಇನ್ನೂ ಕುತೂಹಲದ ಮಾತು. 2011ರಲ್ಲಿ ಬಂದ ಬೆಕರ್ ಅವರ ಇನ್ನೊಂದು ವರದಿಯ ಪ್ರಕಾರ, ಹುಡುಗಿ ತಾನೇ ಎಷ್ಟು ನೋಡುತ್ತಾಳೆ ಅನ್ನುವುದಕ್ಕಿಂತ ಅವಳ ಗೆಳತಿಯರು ಎಷ್ಟು ನೋಡುತ್ತಾರೆ ಅನ್ನುವುದಕ್ಕೇ ಈ ತೊಂದರೆಯ ಜೊತೆ ನಂಟು ಜಾಸ್ತಿ. ಈಗ ಹೇಳಿ, ನೀವು ಎಷ್ಟು ಜನರ ಮೊಬೈಲ್ ಕಿತ್ತುಕೊಳ್ಳುತ್ತೀರಿ?

ಮತ್ತೆ ನಾವೇನು ಕಮ್ಮಿ. ಮದುವೆ ಮನೆಯಲ್ಲಿ "ಯಾಕಮ್ಮಾ ಇಷ್ಟು ಸೊರಗಿದ್ದೀಯಾ" ಅಂತಿದ್ದ ಅತ್ತೆಯೇ ಈಗ "ಸಣ್ಣ ಆಗಿದ್ದೀಯಾ ಪುಟ್ಟಿ, ಎಷ್ಟು ಚೆನ್ನಾಗಿ ಕಾಣ್ತಿದ್ದೀಯಾ" ಅಂತಾರೆ. ಪಕ್ಕದಲ್ಲಿ ನಿಂತ ಗುಂಡಗಿನ ತಂಗಿಗೂ ಅದು ಕೇಳಿಸುತ್ತೆ. ಹುಡುಗರಿಗೂ ತಪ್ಪಿದ್ದಲ್ಲ, ಅವರದ್ದು ಜಿಮ್ಮು, ಪ್ರೋಟೀನ್ ಪುಡಿ.

ಹಾಗಾಗಿ ಮೊದಲು ಮೈಯ ಮಾತು ನಿಲ್ಲಿಸಿ, ಹೊಗಳೋದೂ ಬೇಡ. ಒಂದು ಹೊತ್ತಾದರೂ ಸುಮ್ನೆ ಜೊತೆಗೆ ಕೂತು ಊಟ ಮಾಡಿ, ತುತ್ತು ಎಣಿಸಬೇಡಿ. ಊಟ ಆದ ಕೂಡಲೇ ಬಾತ್‌ರೂಮಿಗೆ ಓಡುತ್ತಿದ್ದರೆ, ಮುಟ್ಟು ನಿಂತಿದ್ದರೆ, ತಲೆ ಸುತ್ತಿ ಬೀಳುತ್ತಿದ್ದರೆ ಮಾತ್ರ ತಡ ಮಾಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಯಾರಿಗೆ ಹೇಳೋದು ಅಂತ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.