ಮೊದಲ ವರ್ಷ 20 ಕಿಲೋಮೀಟರ್ ಸಾಕು: ಶಿರಸಿ ಸೀಮೆಯ ಕಾಡುದಾರಿಗೆ ಹೊಸಬರಾದ ಇಬ್ಬರಿಗೆ

ಪೇಟೆ ಬಿಟ್ಟು ಶಿರಸಿ, ಸಿದ್ದಾಪುರದ ಕಡೆ ಮನೆ ಮಾಡಿದ ಗಂಡ-ಹೆಂಡತಿ ಮೊದಲ ತಿಂಗಳಲ್ಲೇ ಜೋಗ, ಯಾಣ, ಉಂಚಳ್ಳಿ, ಸಹಸ್ರಲಿಂಗ ಎಲ್ಲ ನೋಡಿ ಮುಗಿಸುತ್ತಾರೆ. ನೋಡಬೇಕಾದ ಜಾಗಗಳೇ ಅವು. ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಆಳಕ್ಕೆ ಬೀಳುವ ಸದ್ದು ಕೇಳಿದ ಮೇಲೆ ಅದಕ್ಕೆ ಕೆಪ್ಪಜೋಗ ಎಂಬ ಹೆಸರು ಯಾಕೆ ಬಂತೆಂದು ಯಾರೂ ವಿವರಿಸಬೇಕಾಗಿಲ್ಲ. ಆದರೆ ಅಲ್ಲಿಗೆಲ್ಲ ಡಾಂಬರು ಇದೆ, ಬೋರ್ಡು ಇದೆ, ದಾರಿ ತಪ್ಪುವ ಪ್ರಶ್ನೆ ಇಲ್ಲ. ನಿಮ್ಮ ಮನೆಯ ಹಿಂದಿನ ಗುಡ್ಡ ಹತ್ತಿ ಆಚೆ ಇಳಿಯುವ ಮಣ್ಣುರಸ್ತೆಗೆ ಇದ್ಯಾವುದೂ ಇಲ್ಲ. ಈ ಬರಹ ಆ ರಸ್ತೆಗಾಗಿ.

ನಮ್ಮ ಸಲಹೆ ಒಂದೇ. ನಕ್ಷೆಯಲ್ಲಿ ಮನೆಯನ್ನು ನಡುವೆ ಇಟ್ಟು 20 ಕಿ.ಮೀ. ಸುತ್ತು ಎಳೆಯಿರಿ, ಮೊದಲ ವರ್ಷ ಅದರೊಳಗೇ ತಿರುಗಿ. ಒಂದೇ ರಸ್ತೆಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಏಪ್ರಿಲ್ ಹೀಗೆ ನಾಲ್ಕು ಸಲ ಹೋಗಿ. ಜೂನ್ ಮೊದಲ ವಾರದ ಮಳೆಗೆ ಬೇಸಿಗೆಯ ಕೆಂಪು ಧೂಳು ಕಲೆಸಿ ಬೆಣ್ಣೆಯಾಗುತ್ತದೆ, ವರ್ಷದಲ್ಲಿ ಅತಿ ಹೆಚ್ಚು ಜಾರುವುದು ಆಗಲೇ. ಆಗಸ್ಟ್ ಹೊತ್ತಿಗೆ ಮಣ್ಣು ತೊಳೆದು ಕಲ್ಲು ಕಾಣುತ್ತದೆ, ಹಿಡಿತ ಸಿಗುತ್ತದೆ. ಆದರೆ ಮರದ ನೆರಳಿನ ಸಿಮೆಂಟ್ ರಸ್ತೆಯ ಮೇಲೆ ಹಾವಸೆ ಕಟ್ಟಿರುತ್ತದೆ. ಸಿಮೆಂಟ್ ಕಂಡ ಖುಷಿಯಲ್ಲಿ ಬ್ರೇಕ್ ಒತ್ತಿದವರು ಬೀಳುವುದು ಅಲ್ಲೇ. ಫೆಬ್ರುವರಿ ನಂತರ ಒಣ ಎಲೆಯ ದರಕು ಹೊಂಡಗಳನ್ನೆಲ್ಲ ಮುಚ್ಚಿಬಿಡುತ್ತದೆ.

ನಕ್ಷೆಯ ವಿಷಯ. ಫೋನಿನ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು ಹೊರಡಿ, ಎರಡು ತಿರುವು ದಾಟಿದರೆ ನೆಟ್‌ವರ್ಕ್ ಇರುವುದಿಲ್ಲ. ಆ ನಕ್ಷೆಯಲ್ಲಿ ಬಿಳಿ ಗೆರೆ ಇದ್ದ ಮಾತ್ರಕ್ಕೆ ಅದು ರಸ್ತೆ ಎಂದು ನಂಬಬೇಡಿ. ಹಳ್ಳದ ಈಚೆ ಒಂದು ರಸ್ತೆ, ಆಚೆ ಒಂದು ರಸ್ತೆ, ನಡುವೆ ಎರಡು ಅಡಿಕೆ ದಬ್ಬೆ ಹಾಕಿದ ಕಾಲುಸಂಕ, ನಕ್ಷೆಗೆ ಇದೆಲ್ಲ ಒಂದೇ ರಸ್ತೆ. ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ ಅದರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ 2 ಸೆಂ.ಮೀ. ಅಂದರೆ ಒಂದು ಕಿಲೋಮೀಟರ್. ಎತ್ತರದ ಗೆರೆಗಳು 20 ಮೀಟರಿಗೊಂದು ಇರುತ್ತವೆ. ರಸ್ತೆಯ ಗುರುತು ಹಳೆಯದಿರಬಹುದು, ಆದರೆ ಹಳ್ಳ, ಕಣಿವೆ, ಗುಡ್ಡದ ಏಣು ಬದಲಾಗುವುದಿಲ್ಲ. ಗೆರೆಗಳು ಒತ್ತೊತ್ತಾಗಿ ಬಂದ ಕಡೆ ಅಡ್ಡದಾರಿ ಹಿಡಿಯಬೇಡಿ, ಅದು ಘಟ್ಟದ ಅಂಚು.

ನಕ್ಷೆಯಷ್ಟೇ ವಿಷಯ ಊರಿನ ಹೆಸರಲ್ಲೂ ಇದೆ. ಜಡ್ಡಿ ಎಂದು ಮುಗಿದರೆ ಜವಳು ನೆಲ, ಮಳೆಗಾಲದಲ್ಲಿ ಚಕ್ರ ಹೂತುಹೋಗುವ ಜಾಗ. ಗುಂಡಿ ಎಂದರೆ ಹೆಚ್ಚಾಗಿ ಹೊಳೆಯ ಮಡುವಿನ ಸಮೀಪ. ಮಕ್ಕಿ ಎಂದರೆ ಮಳೆ ನಂಬಿದ ಎತ್ತರದ ಗದ್ದೆ, ನೀರು ಬೇಗ ಇಳಿಯುತ್ತದೆ, ದಾರಿ ಗಟ್ಟಿ. ಬೇಣ ಎಂದರೆ ಹುಲ್ಲುಗಾವಲು, ಕಾನು ಎಂದರೆ ಕತ್ತಲೆಗಟ್ಟಿದ ಹಸಿರುಕಾಡು. ಹೆಸರಿಟ್ಟ ಕಾಲದ ಕಾಡು ಈಗ ಇಲ್ಲದಿರಬಹುದು, ನೆಲದ ಗುಣ ಮಾತ್ರ ಬಹುಮಟ್ಟಿಗೆ ಹಾಗೇ ಇದೆ.

ಇಲ್ಲಿ ಕಾಡು ಎಂದರೆ ಒಂದೇ ಥರದ್ದಲ್ಲ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ. ರಸ್ತೆ ಪಕ್ಕದ ಮರಗಳನ್ನು ಸುಮ್ಮನೆ ಐದು ನಿಮಿಷ ನೋಡಿ. ಮತ್ತಿ, ಕಿಂದಲ, ನಂದಿ ಮರಗಳು ಬಿಡಿಬಿಡಿಯಾಗಿ ನಿಂತು, ಕಾಂಡಕ್ಕೆ ಪಕ್ಕದ ಕೊಂಬೆಯೇ ಇಲ್ಲದೆ ತುದಿಯಲ್ಲಿ ಮಾತ್ರ ಸೊಪ್ಪಿನ ಗೊಂಚಲು ಇದ್ದರೆ, ಕೊಂಬೆ ಕಡಿದ ಗಂಟುಗಳು ಕಾಂಡದುದ್ದಕ್ಕೂ ಕಂಡರೆ, ಅದು ಸೊಪ್ಪಿನಬೆಟ್ಟ. ನೆಲ ಅರಣ್ಯದ್ದು, ಸೊಪ್ಪು ಮತ್ತು ದರಕು ತೆಗೆಯುವ ಸವಲತ್ತು ಕೆಳಗಿನ ಅಡಿಕೆ ತೋಟದವರದ್ದು. ಬ್ರಿಟಿಷರ ಕಾಲದಿಂದ ಬಂದ ವ್ಯವಸ್ಥೆ ಇದು, ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ಅಂದರೆ ನಿಮಗೆ ನಿರ್ಜನ ಕಾಡಿನಂತೆ ಕಾಣುವ ಗುಡ್ಡದ ಪ್ರತಿ ಭಾಗವನ್ನೂ ಇದು ನಮ್ಮ ಬೆಟ್ಟ ಎಂದು ನೋಡಿಕೊಳ್ಳುವ ಒಂದು ಮನೆ ಕೆಳಗಿದೆ. ಆ ದಾರಿಯಲ್ಲಿ ಹೋಗುವ ಮುನ್ನ ಆ ಮನೆಯಲ್ಲಿ ಒಂದು ಮಾತು ಹೇಳಿ. ಬೇಡ ಎನ್ನುವವರು ಕಡಿಮೆ, ಹೇಳದೆ ಹೋದರೆ ಮಾತ್ರ ಅನುಮಾನ ಹುಟ್ಟುತ್ತದೆ.

ಸಾಲು ತಪ್ಪದೆ ಒಂದೇ ಎತ್ತರದ ಅಕೇಶಿಯಾ ಅಥವಾ ಸಾಗವಾನಿ ನಿಂತಿದ್ದರೆ ಅದು ಇಲಾಖೆಯ ನೆಡುತೋಪು. ಇನ್ನು ನಡುಹಗಲಲ್ಲೂ ತಂಪು, ನೆಲಕ್ಕೆ ಹುಲ್ಲೇ ಇಲ್ಲ, ಬೆತ್ತದ ಮುಳ್ಳು, ಗೋಡೆಯಂಥ ಬೇರಿನ ಮರಗಳು ಎಂದಾದರೆ ಕಾನಿನ ಒಳಗಿದ್ದೀರಿ. ಮಾವಿನಗುಂಡಿಯಿಂದ ಹೊನ್ನಾವರದ ಕಡೆ ಇಳಿಯುವ ಘಟ್ಟದ ಕತ್ತಲೆಕಾನು ಇದಕ್ಕೆ ದೊಡ್ಡ ಉದಾಹರಣೆ. ಅಲ್ಲಿ ರಾಮಪತ್ರೆ (ಕಾಡುಜಾಯಿಕಾಯಿ ಜಾತಿಯ ಮರ) ಬೆಳೆಯುವ ಜಡ್ಡಿಗಳಿವೆ: ಕಪ್ಪು ಕೆಸರು, ಅದರಿಂದ ಮಡಚಿದ ಮಂಡಿಯ ಹಾಗೆ ಮೇಲೆದ್ದು ಮತ್ತೆ ಒಳಗೆ ಹೋಗುವ ಬೇರುಗಳು. ಕೆಸರಿನಲ್ಲಿ ಗಾಳಿ ಇಲ್ಲದ್ದರಿಂದ ಮರ ಆ ಮಂಡಿಬೇರುಗಳಿಂದ ಉಸಿರಾಡುತ್ತದೆ. ಅವುಗಳ ಮೇಲೆ ಕಾಲಿಟ್ಟು ದಾಟುವುದು ಮರದ ಮೂಗಿನ ಮೇಲೆ ಕಾಲಿಟ್ಟಂತೆ. ದಯವಿಟ್ಟು ಮಾಡಬೇಡಿ.

ಈ ಭಾಗದಲ್ಲಿ ಸಿಂಗಳೀಕಗಳಿಗಾಗಿ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. 2019ರಲ್ಲಿ ಅದನ್ನು ಶರಾವತಿ ಕಣಿವೆಯೊಂದಿಗೆ ಸೇರಿಸಿ ಅಭಯಾರಣ್ಯ ಮಾಡಿದರು. ಅಭಯಾರಣ್ಯದೊಳಗೆ ಸಾರ್ವಜನಿಕ ರಸ್ತೆ ಬಿಟ್ಟು ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ‘ಊರವರು ಹೋಗ್ತಾರಲ್ಲ’ ಎಂಬ ವಾದ ನಡೆಯುವುದಿಲ್ಲ. ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ಇಬ್ಬರೂ ಒಮ್ಮೆ ಹೋಗಿ, ನಕ್ಷೆ ಮುಂದಿಟ್ಟು, ಯಾವ ದಾರಿಗೆ ತಕರಾರಿಲ್ಲ, ಯಾವುದಕ್ಕೆ ಅನುಮತಿ ಬೇಕು ಎಂದು ಕೇಳಿ ಗುರುತು ಹಾಕಿಕೊಳ್ಳಿ. ಅರ್ಧ ದಿನದ ಕೆಲಸ, ವರ್ಷವಿಡೀ ನಿಶ್ಚಿಂತೆ. ಕಾಡಿಗೆ ಕತ್ತಿ ಒಯ್ಯಬೇಡಿ, ಗಾರ್ಡ್ ಕಣ್ಣಿಗೆ ಅದರ ಅರ್ಥವೇ ಬೇರೆ.

ದಾರಿ ಕೇಳುವುದನ್ನೂ ಕಲಿಯಬೇಕು. ‘ಈ ದಾರಿ ಮುಂದೆ ಹೋಗ್ತದಾ?’ ಎಂದು ಕೇಳಿದರೆ ‘ಹೋಗ್ತದೆ’ ಎಂದೇ ಉತ್ತರ. ನಡೆದು ಹೋಗ್ತದೋ, ಜೀಪು ಹೋಗ್ತದೋ, ಬೇಸಿಗೆಯಲ್ಲಿ ಮಾತ್ರವೋ ಎಂಬುದು ಅದರಲ್ಲಿ ಇಲ್ಲ. ‘ಮಳೆಗಾಲದಲ್ಲಿ ಹಾಲಿನ ಗಾಡಿ ಎಲ್ಲಿವರೆಗೆ ಬರ್ತದೆ ಹೆಗಡೇರೇ?’ ಎಂದು ಕೇಳಿ. ಸರಿಯಾದ ಉತ್ತರ ಅಲ್ಲಿಂದಲೇ ಶುರು. ಅಂಗಳದಲ್ಲಿ ಅಡಿಕೆ ಹರಡುತ್ತಿರುವ ಅಮ್ಮ ‘ಆಸರಿಗೆ ಬೇಕಾ?’ ಎಂದರೆ ಅವಸರ ಮಾಡದೆ ಕೂತು ನೀರು-ಬೆಲ್ಲ ತೆಗೆದುಕೊಳ್ಳಿ. ಮೊನ್ನೆ ಧರೆ ಎಲ್ಲಿ ಕುಸಿಯಿತು, ಕಾಟಿ (ಕಾಡುಕೋಣ) ಎಲ್ಲಿ ದಾಟುತ್ತದೆ ಎಂಬುದೆಲ್ಲ ಆ ಹತ್ತು ನಿಮಿಷದಲ್ಲಿ ಬರುತ್ತದೆ. ತೋಟದ ದಣಪೆ, ಅಂದರೆ ಬೇಲಿಬಾಗಿಲಿನ ಅಡ್ಡಗಳ, ತೆಗೆದು ಒಳಹೋದರೆ ಹಿಂದೆಯೇ ಹಾಕಿ, ಒಂದು ದನ ನುಗ್ಗಿದರೆ ಸಾಕು, ಎಳೆ ಗಿಡ ಉಳಿಯುವುದಿಲ್ಲ. ಬೇಲಿಯ ಹತ್ತಿರ ಮಂಡಿ ಎತ್ತರದಲ್ಲಿ ಒಂಟಿ ತಂತಿ ಕಂಡರೆ ಮುಟ್ಟಬೇಡಿ, ದಾಟಲೂ ಬೇಡಿ. ಸೋಲಾರ್ ಬೇಲಿಯಾದರೆ ಜೋರಾಗಿ ಬಡಿಯುತ್ತದೆ. ಹಂದಿಗೆಂದು ಕದ್ದು ಕೊಟ್ಟ ಲೈನ್ ಕರೆಂಟಾದರೆ ಪ್ರಾಣವೇ ಹೋಗುತ್ತದೆ.

ಇಬ್ಬರಿಗೆ ಒಂದು ಬೈಕ್ ಸಾಕು, ಇಲ್ಲಿನ ದಾರಿಗೆ ಕಾರಿಗಿಂತ ವಾಸಿ. ಮಣ್ಣುರಸ್ತೆ ಶುರುವಾದ ಕಡೆ ಎರಡೂ ಟೈರಿನ ಗಾಳಿಯನ್ನು ಕಂಪನಿ ಹೇಳಿದ್ದಕ್ಕಿಂತ 6ರಿಂದ 8 ಪಿಎಸ್‌ಐ ಇಳಿಸಿ, ಟೈರು ನೆಲಕ್ಕೆ ಅಗಲವಾಗಿ ಕೂರುತ್ತದೆ. ಟ್ಯೂಬ್ ಇರುವ ಟೈರಾದರೆ 18ಕ್ಕಿಂತ ಕೆಳಗೆ ಬೇಡ. ರಿಮ್ಮಿನೊಳಗೆ ಟೈರು ಜಾರಿ ಟ್ಯೂಬಿನ ವಾಲ್ವ್ ಕಿತ್ತುಬರುತ್ತದೆ, ಅದಕ್ಕೆ ಪ್ಯಾಚ್ ಹಾಕಲು ಆಗುವುದಿಲ್ಲ. ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಿಸಲು ಕೈಪಂಪು, ಗಾಳಿ ನೋಡುವ ಗೇಜು ಜೊತೆಗಿರಲಿ. ಕೆಸರಿನ ಏರು ಬಂದರೆ ಹಿಂದಿನವರು ಇಳಿದುಬಿಡಿ. ಕೂತೇ ಹತ್ತಿಸಲು ಹೋಗಿ ಅರ್ಧದಲ್ಲಿ ನಿಂತರೆ ಹಿಡಿದ ಕ್ಲಚ್ಚು ಸುಟ್ಟು ವಾಸನೆ ಬರುತ್ತದೆ. ಆಗ 15 ನಿಮಿಷ ಆರಲು ಬಿಡುವುದೊಂದೇ ದಾರಿ. ಇಳುಕಲಲ್ಲಿ ಮೊದಲ ಗೇರಿನಲ್ಲೇ ಇಳಿಯಿರಿ, ಎಂಜಿನ್ ಆಫ್ ಮಾಡಬೇಡಿ. ಪಂಕ್ಚರ್ ಕಿಟ್, ಒಂದು ಕ್ಲಚ್ ಕೇಬಲ್, ಒಂದು ಸ್ಪಾರ್ಕ್ ಪ್ಲಗ್, 10, 12, 14ರ ಸ್ಪ್ಯಾನರ್ ಇಷ್ಟು ಸೀಟಿನಡಿ ಇದ್ದರೆ ಹೆಚ್ಚಿನ ತೊಂದರೆಗಳಿಂದ ಮನೆ ಸೇರಬಹುದು. ಬಂಕುಗಳು ದೊಡ್ಡ ಪೇಟೆಗಳಲ್ಲೇ ಇರುವುದು, ಅರ್ಧ ಟ್ಯಾಂಕಿಗಿಂತ ಕಡಿಮೆ ಇದ್ದರೆ ಹೊರಡಬೇಡಿ. ಬೇಸಿಗೆಯಲ್ಲಿ ಬಿಸಿ ಸೈಲೆನ್ಸರನ್ನು ದರಕಿನ ಮೇಲೆ ನಿಲ್ಲಿಸಬೇಡಿ, ಕಾಡಿಗೆ ಬೆಂಕಿ ಬೀಳಲು ಅಷ್ಟು ಸಾಕು. ಕೊನೆಕೊಯ್ಲಿನ ದಿನಗಳಲ್ಲಿ ರಸ್ತೆಗೆ ಅಡ್ಡ ನಿಲ್ಲಿಸುವುದೂ ಬೇಡ, ಅಡಿಕೆ ಕೊನೆ ಹೊತ್ತ ಗಾಡಿಗಳಿಗೆ ಇರುವುದು ಅದೊಂದೇ ದಾರಿ.

ಹಳ್ಳ ದಾಟುವಾಗ ಒಬ್ಬರು ಮೊದಲು ಕೋಲು ಹಿಡಿದು ನಡೆದು ದಾಟಬೇಕು. ನೀರು ಮಂಡಿ ಮುಟ್ಟಿ ಎಳೆಯುತ್ತಿದ್ದರೆ ವಾಪಸ್. ಚಕ್ರದ ನಡುಭಾಗ ಮುಳುಗುವಷ್ಟಿದ್ದರೆ ಗಾಡಿ ಇಳಿಸಬೇಡಿ. ಬೆಳಿಗ್ಗೆ ದಾಟುವಾಗ ನೀರಿನ ಅಂಚಿಗೇ ಒಂದು ಕಲ್ಲು ಇಟ್ಟು ಹೋಗಿ. ಸಂಜೆ ಬಂದಾಗ ಕಲ್ಲು ಮುಳುಗಿದ್ದರೆ ಮೇಲೆ ಮಳೆಯಾಗಿದೆ ಎಂದರ್ಥ. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾಗಿ ಎಲೆ, ಕಡ್ಡಿ ತೇಲಿಬಂದರೆ ಯೋಚಿಸುತ್ತ ನಿಲ್ಲಬೇಡಿ, ದಡ ಹತ್ತಿ. ನಡುವೆ ಎಂಜಿನ್ ನಿಂತರೆ ಅಲ್ಲೇ ಸ್ಟಾರ್ಟ್ ಮಾಡಬೇಡಿ, ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ತಳ್ಳಿ ದಡ ಸೇರಿಸಿ, ಪ್ಲಗ್ ಬಿಚ್ಚಿ, ಕಿಕ್ ಹೊಡೆದು ನೀರು ಹೊರಹಾಕಿದ ಮೇಲೆ ನೋಡಿ. ದಾಟಿದ ಮೇಲೆ 100 ಮೀಟರ್ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಹೋಗಿ ಒಣಗಿಸಿ.

ಮಳೆಗಾಲದ ಇಂಬಳಕ್ಕೆ (ನೆಲದ ಜಿಗಣೆ) ಹೊಸಬರು ಹೆದರುವಷ್ಟು ಕಾರಣವಿಲ್ಲ. ಕಾಲುಚೀಲದ ಮೇಲೆ ಹೊಗೆಸೊಪ್ಪಿನ ನೀರು ಅಥವಾ ಸೋಪು ಉಜ್ಜಿದರೆ ಬಹುಪಾಲು ಹತ್ತುವುದಿಲ್ಲ, ಹತ್ತಿದರೆ ಸ್ವಲ್ಪ ಸುಣ್ಣ ಸಾಕು. ಕಚ್ಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟದಂತೆ ಅದು ಮಾಡಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ಬಟ್ಟೆ ಒತ್ತಿ ಹಿಡಿಯಿರಿ.

ನಿಜವಾಗಿ ಹೆದರಬೇಕಾದದ್ದು ಬೇಸಿಗೆಯ ಉಣುಗಿಗೆ (ಉಣ್ಣೆ). ಅದರ ಕಡಿತದಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರ ತಾಲ್ಲೂಕಿನಲ್ಲಿ 2024ರಲ್ಲೂ ಅದು ಜೀವ ತೆಗೆದಿದೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ರೋಗ ಹರಡುವುದು ಹೆಚ್ಚಾಗಿ ಎಳೆಯ ಉಣುಗು, ಎಳ್ಳಿಗಿಂತ ಚಿಕ್ಕದು, ಕಚ್ಚಿದ್ದು ಗೊತ್ತಾಗುವುದೇ ಇಲ್ಲ. ಅದು ಇರುವುದು ದರಕಿನಲ್ಲಿ. ಆದ್ದರಿಂದ ಈ ತಿಂಗಳುಗಳಲ್ಲಿ ಕಾಡಿನ ನೆಲದ ಮೇಲೆ ಕೂರಬೇಡಿ, ಬುತ್ತಿ ಬಿಚ್ಚುವುದಾದರೆ ಹೊಳೆಯ ನಡುವಿನ ಬರಿ ಬಂಡೆಯ ಮೇಲೆ. ತಿಳಿಬಣ್ಣದ ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತದಂತೆ ತಡೆಯುವ ಡೀಪಾ ತೈಲ ಕೊಡುತ್ತಾರೆ, ಕೈಕಾಲಿಗೆ ಹಚ್ಚಿಕೊಂಡೇ ಹೊರಡಿ. ಹಿಂದೆ ಕೊಡುತ್ತಿದ್ದ ಲಸಿಕೆ ನಿಂತಿರುವುದರಿಂದ ಈ ಎಚ್ಚರವೇ ರಕ್ಷಣೆ. ಮನೆಗೆ ಬಂದೊಡನೆ ಬಟ್ಟೆ ಬಿಸಿನೀರಿಗೆ, ನೀವು ಬಚ್ಚಲಿಗೆ. ಒಬ್ಬರ ಬೆನ್ನು, ಕಿವಿಯ ಹಿಂಭಾಗ, ಮಂಡಿಯ ಮಡಿಕೆ ಇನ್ನೊಬ್ಬರು ಬೆಳಕಿನಲ್ಲಿ ನೋಡಿ. ಇಬ್ಬರಿರುವುದರ ದೊಡ್ಡ ಅನುಕೂಲ ಇದು. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಬೆಂಕಿ ತಾಗಿಸುವುದು, ಉಗುರಿನಲ್ಲಿ ಕುಟ್ಟುವುದು ಬೇಡ. ಮುಂದಿನ ಒಂದೆರಡು ವಾರದಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ‘ಕಾಡಿಗೆ ಹೋಗಿದ್ದೆವು’ ಎಂಬ ಮಾತನ್ನು ವೈದ್ಯರಿಗೆ ಮೊದಲು ಹೇಳಿ. ದಾರಿಯಲ್ಲಿ ಸತ್ತ ಮಂಗ ಅಥವಾ ಮುಸಿಯ (ಕಪ್ಪು ಮೋರೆಯ ಉದ್ದಬಾಲದ ಕೋತಿ) ಕಂಡರೆ ಹತ್ತಿರ ಹೋಗಬೇಡಿ. ಅದರ ಮೈಬಿಟ್ಟ ಉಣುಗು ಸುತ್ತಲೂ ಇರುತ್ತದೆ. ಬಂದ ದಾರಿಯಲ್ಲೇ ಹಿಂದಿರುಗಿ ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಕಚೇರಿಗೆ ತಿಳಿಸಿ.

ಹಾವಿನ ಬಗ್ಗೆ ಒಂದೇ ಮಾತು. ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ. ಈ ಕಾಡುಗಳಲ್ಲಿ ಪೊದೆ, ತಗ್ಗು ಕೊಂಬೆಗಳ ಮೇಲೆ ಕೂರುವ ಗುಳಿಮಂಡಲಗಳಿಗೆ ಅಲ್ಲ. ಜಾರಿದಾಗ ನೋಡದೆ ಗಿಡ ಹಿಡಿಯುವ ಅಭ್ಯಾಸ ಬಿಡಿ, ಆಸರೆಗೆ ಕೋಲು ಇರಲಿ.

ಡಿಸೆಂಬರಿನಲ್ಲಿ ಸೂರ್ಯ ಆರು ಗಂಟೆಯ ಆಸುಪಾಸು ಮುಳುಗಿದರೂ ಕಾನಿನೊಳಗೆ ಐದೂಕಾಲಿಗೇ ಮಬ್ಬು. ಹಾಗಾಗಿ ಮಧ್ಯಾಹ್ನ ಎರಡು ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದ ಮನೆಯ ಕಡೆ ತಿರುಗಿ, ಗುರಿ ಅರ್ಧ ಕಿಲೋಮೀಟರ್ ಇದ್ದರೂ ಸರಿ. ಹೋದ ದಾರಿಯಲ್ಲೇ ಬನ್ನಿ, ಗೊತ್ತಿಲ್ಲದ ದಾರಿಯಿಂದ ಸುತ್ತಿಕೊಂಡು ಬರುವ ಪ್ರಯೋಗ ಬೆಳಿಗ್ಗೆ ಮಾಡುವಂಥದ್ದು. ಹೊರಡುವ ಮುನ್ನ ಯಾವ ಊರಿನ ಮೇಲೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಚೀಟಿ ಬರೆದು ಪಕ್ಕದ ಮನೆಯಲ್ಲಿ ಕೊಡಿ. ಬಂದ ಮೇಲೆ ಅಲ್ಲಿ ಹೋಗಿ ‘ಬಂದ್ವಿ’ ಎಂದು ಹೇಳುವುದನ್ನು ಮರೆಯಬೇಡಿ, ಇಲ್ಲದಿದ್ದರೆ ರಾತ್ರಿ ಅವರು ಬ್ಯಾಟರಿ ಹಿಡಿದು ನಿಮ್ಮನ್ನು ಹುಡುಕಲು ಹೊರಡುತ್ತಾರೆ.