ಪಕ್ಕದ ಮನೆಯ ಅಜ್ಜಿಯ ಓಟು

ಮಾರ್ಚ್‌ನಲ್ಲಿ ಇಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ನಗರಸಭೆ ಚುನಾವಣೆ ಇತ್ತು. ಐದು ವರ್ಷ ಕಾನೂನುಬದ್ಧವಾಗಿ ನೆಲೆಸಿದ ಹೊರದೇಶದವರಿಗೂ ಇದರಲ್ಲಿ ಓಟು ಇದೆ, ಹಾಗಾಗಿ ನನಗೂ ಓಟು ಹಾಕುವ ಪಾಸ್ ಬಂದಿತ್ತು. ಹಿಂದಿನ ಸಂಜೆ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಮೊಣಕಾಲು ನೋವು, ಬೂತಿನವರೆಗೆ ನಡೆಯಲಾಗುವುದಿಲ್ಲ. ತಮ್ಮ ಪಾಸಿನ ಹಿಂದೆ ಸಹಿ ಹಾಕಿ, ಗುರುತಿನ ಚೀಟಿಯ ಪ್ರತಿ ಸೇರಿಸಿ, ಇಂಥವರಿಗೆ ಹಾಕಿಬಿಡು ಅಂತ ನನ್ನ ಕೈಗಿಟ್ಟರು.

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದವನಿಗೆ ಇನ್ನೊಬ್ಬರ ಓಟು ಹಾಕುವುದು ಅಂದರೆ ಏನು ಅಂತ ನಿಮಗೆ ಗೊತ್ತಲ್ಲ! ನಮ್ಮಲ್ಲಿ ಅದಕ್ಕೆ ಕಳ್ಳವೋಟು ಅನ್ನುತ್ತಾರೆ, ಸಿಕ್ಕಿಬಿದ್ದರೆ ಪೊಲೀಸು. ಇಲ್ಲಿ ಅದು ಕಾನೂನಿನಲ್ಲೇ ಇದೆ. ತಮ್ಮ ಓಟಿನ ಜೊತೆ ಇನ್ನಿಬ್ಬರದ್ದನ್ನು ಹಾಕಬಹುದು.

"ನಾನು ಬೇರೆ ಯಾರಿಗಾದರೂ ಹಾಕಿದರೆ?" ಅಂತ ಸುಮ್ನೆ ಕೇಳಿದೆ. ಅಜ್ಜಿ ನಕ್ಕು, "ನನ್ನ ಮನೆಯ ಕೀಲಿಕೈಯೇ ನಿನ್ನ ಹತ್ತಿರ ಇದೆಯಲ್ಲಪ್ಪ" ಅಂದರು.

ಇಷ್ಟೊಂದು ನಂಬುವ ಈ ಜನ ಮತಯಂತ್ರವನ್ನು ಮಾತ್ರ ನಂಬಲಿಲ್ಲ. 2006ರ ಹೊತ್ತಿಗೆ ಇಲ್ಲಿ ಹೆಚ್ಚಿನ ಕಡೆ ಯಂತ್ರವೇ ಇತ್ತು. ಆ ವರ್ಷ ರೋಪ್ ಗೋಂಗ್‌ಗ್ರೈಪ್ ಎಂಬ ಇಲ್ಲಿನ ಹ್ಯಾಕರ್ ಒಬ್ಬರ ಗುಂಪು ಟಿವಿಯಲ್ಲೇ ಯಂತ್ರ ಬಿಚ್ಚಿ, ಒಳಗಿನ ಚಿಪ್ ಬದಲಾಯಿಸಿ ತೋರಿಸಿತು. ಅದೇ ಮಾದರಿಯ ಯಂತ್ರದಲ್ಲಿ ಚೆಸ್ ಕೂಡ ಆಡಿಸಿದರು. 2008ರಲ್ಲಿ ಸರ್ಕಾರ ಯಂತ್ರ ಬಿಟ್ಟು ಕಾಗದಕ್ಕೆ ವಾಪಸ್ ಹೋಯಿತು. ಈಗ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುವುದು, ಅಷ್ಟೇ. ಎಣಿಸುವಾಗ ಯಾರು ಬೇಕಾದರೂ ಹೋಗಿ ನಿಂತು ನೋಡಬಹುದು. ಇಲ್ಲಿ ಎಲ್ಲವೂ ಸರಿ ಅಂತಲ್ಲ. ಹೀಗೆ ಇನ್ನೊಬ್ಬರ ಪರವಾಗಿ ಓಟು ಹಾಕುವುದರ ಬಗ್ಗೆ ಹೊರಗಿನ ಚುನಾವಣಾ ವೀಕ್ಷಕರು ಆಕ್ಷೇಪ ಎತ್ತುತ್ತಲೇ ಇದ್ದಾರೆ. ಗಂಡ ಹೆಂಡತಿಯ ಪಾಸ್ ಕಿತ್ತುಕೊಂಡು ಹೋದರೆ ಯಾರಿಗೆ ಗೊತ್ತಾಗುತ್ತದೆ?

ಅದೇ ಗೋಂಗ್‌ಗ್ರೈಪ್ 2010ರಲ್ಲಿ ಹೈದರಾಬಾದಿನ ಎಂಜಿನಿಯರ್ ಹರಿಪ್ರಸಾದ್ ಮತ್ತು ಅಮೆರಿಕದ ಕಂಪ್ಯೂಟರ್ ಪ್ರೊಫೆಸರ್ ಅಲೆಕ್ಸ್ ಹಾಲ್ಡರ್‌ಮನ್ ಜೊತೆ ಸೇರಿ ನಮ್ಮ ಭಾರತದ ಮತಯಂತ್ರದ ದೋಷಗಳನ್ನೂ ತೋರಿಸಿದರು. ಯಂತ್ರ ಎಲ್ಲಿಂದ ಸಿಕ್ಕಿತು ಅಂತ ಹೇಳದ ಹರಿಪ್ರಸಾದ್ ಬಂಧನಕ್ಕೊಳಗಾದರು. ಇದು ನನಗೆ ಆಗಲೂ ಹಿಡಿಸಿರಲಿಲ್ಲ, ಈಗಲೂ ಇಲ್ಲ. ನಮ್ಮ ಯಂತ್ರ ಯಾವ ನೆಟ್‌ವರ್ಕಿಗೂ ಸೇರಿಲ್ಲ, ಕೈಗೆ ಸಿಗದೆ ಅದನ್ನು ಕೆಡಿಸಲಾಗದು ಅನ್ನುವುದು ನಮ್ಮ ಚುನಾವಣಾ ಆಯೋಗದ ವಾದ. ಅದರಲ್ಲೂ ಹುರುಳಿದೆ. ಆದರೆ ಸರಿ ಇದ್ದರೆ ತೋರಿಸಿ ಅನ್ನುವವನನ್ನು ಒಳಗೆ ಹಾಕುವುದು ಯಾಕೆ?

ಅಪ್ಪನಿಗೆ ಫೋನಿನಲ್ಲಿ ಅಜ್ಜಿಯ ಕಥೆ ಹೇಳಿದೆ. ಅವರು ಮೇಷ್ಟ್ರಾಗಿದ್ದವರು, ಹಲವು ಚುನಾವಣೆಗಳಲ್ಲಿ ಬೂತ್ ಡ್ಯೂಟಿ ಮಾಡಿದವರು. ಓಟರ್ ಲಿಸ್ಟ್ ಹಿಡಿದು ಕೂತ ಏಜೆಂಟರು "ಇವ ದುಬೈಯಲ್ಲಿದ್ದಾನೆ ಸಾರ್, ಇದು ಅವನ ತಮ್ಮ" ಅಂತ ಎದ್ದು ನಿಲ್ಲುತ್ತಿದ್ದದ್ದು, ಬೆರಳು ಹಿಡಿದು ಶಾಯಿ ಇದೆಯಾ ಅಂತ ಬೆಳಕಿಗೆ ತಿರುಗಿಸಿ ನೋಡುತ್ತಿದ್ದದ್ದು, ಆಮೇಲೆ ಹೊರಗೆ ಒಟ್ಟಿಗೇ ಚಾ ಕುಡಿಯುತ್ತಿದ್ದದ್ದು ಎಲ್ಲ ಅವರ ಬಾಯಲ್ಲೇ ಕೇಳಿದ್ದೇನೆ. ಯಂತ್ರ ಮೊದಲು ಬಂದದ್ದೂ ನಮ್ಮ ಕೇರಳಕ್ಕೇ, 1982ರಲ್ಲಿ, ಪರವೂರಿನ 50 ಬೂತುಗಳಿಗೆ. ಕಾನೂನಿನಲ್ಲಿ ಯಂತ್ರದ ಮಾತೇ ಇಲ್ಲ ಅಂತ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕಾಗದದಲ್ಲಿ ಮತ್ತೆ ಓಟು ಹಾಕಿದಾಗ ಗೆದ್ದವರೇ ಸೋತರು. ಅಪ್ಪ ಇದನ್ನು ಸಿಕ್ಕವರಿಗೆಲ್ಲ ಹೇಳುತ್ತಾರೆ.

2024ರ ಏಪ್ರಿಲಿನಲ್ಲಿ ಕಾಸರಗೋಡಿನ ಅಣಕು ಮತದಾನದ ಸುದ್ದಿ ಸುಪ್ರೀಂ ಕೋರ್ಟಿನವರೆಗೆ ಹೋಯಿತಲ್ಲ, ನೆನಪಿದೆಯಾ? ಓಟು ಯಾರಿಗೆ ಬಿತ್ತು ಅಂತ ಮತಯಂತ್ರದ ಜೊತೆಗಿನ ವಿವಿಪ್ಯಾಟ್ ಒಂದು ಚೀಟಿ ಮುದ್ರಿಸುತ್ತದಲ್ಲ, ಅದರಲ್ಲಿ ಒಂದು ಪಕ್ಷಕ್ಕೆ ಹಾಕದ ಓಟಿನ ಚೀಟಿಯೂ ಬರುತ್ತಿದೆ ಅನ್ನುವ ದೂರು. ಸುದ್ದಿ ಸುಳ್ಳು ಅಂತ ಆಯೋಗ ಹೇಳಿತು. ಎಲ್ಲ ಚೀಟಿ ಎಣಿಸಬೇಕೆಂಬ ಕೋರಿಕೆಯನ್ನು ಕೋರ್ಟ್ ತಳ್ಳಿಹಾಕಿದ್ದು ಏಪ್ರಿಲ್ 26ರಂದು, ನಮ್ಮವರು ಕ್ಯೂನಲ್ಲಿ ನಿಂತಿದ್ದ ದಿನವೇ. ಈಗ ಲೋಕಸಭಾ ಚುನಾವಣೆಯಲ್ಲೂ ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಐದು ಬೂತುಗಳ ಚೀಟಿಯನ್ನಷ್ಟೇ ಎಣಿಸಿ ತಾಳೆ ನೋಡುತ್ತಾರೆ. ದೊಡ್ಡ ಅಂತರದಲ್ಲಿ ಗೆದ್ದರೆ ಅಷ್ಟು ಸಾಕಿರಬಹುದು. ಆದರೆ 2016ರ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರ ನಿರ್ಧಾರವಾದದ್ದು ಬರೇ 89 ಓಟಿನಲ್ಲಿ. ಅಂಥ ಕಡೆ ಸೋತವರು ಕೇಳುವ ಮೊದಲೇ ಎಲ್ಲ ಚೀಟಿ ಎಣಿಸಬೇಕು, ಒಂದು ದಿನ ತಡವಾದರೆ ಆಗಲಿ ಅಂದೆ.

ಅಪ್ಪನ ಉತ್ತರ ಬೇರೆಯೇ. "2016ರಲ್ಲಿ ಸೋತವರು ಕೋರ್ಟಿಗೆ ಹೋದದ್ದು ಯಂತ್ರ ಸರಿಯಿಲ್ಲ ಅಂತ ಅಲ್ಲ ಮಾರಾಯ. ಸತ್ತವರ, ಗಲ್ಫಿನಲ್ಲಿದ್ದವರ ಓಟು ಬಿದ್ದಿದೆ ಅಂತ. ಚೀಟಿ ಎಣಿಸಿದರೆ ಬಟನ್ ಒತ್ತಿದ್ದು ಯಾರು ಅಂತ ಗೊತ್ತಾಗ್ತದಾ?"

ಗೊತ್ತಾಗುವುದಿಲ್ಲ, ಒಪ್ಪಿದೆ. ಆದರೂ ಎಣಿಸಲಿ ಅಂದೆ. "ಎಣಿಸಲಿ, ಬೇಡ ಅಂದವರು ಯಾರು? ಮೊದಲು ಆ ಲಿಸ್ಟಿನಿಂದ ನಿನ್ನ ಅಜ್ಜನ ಹೆಸರು ತೆಗೆಸುವ" ಅಂದರು ಅಪ್ಪ.