‘ಅಷ್ಟು ದೂರ, ಒಬ್ಬಳೇ ಹೆಂಗಸು, ಭಯವಾಗಲಿಲ್ಲವೇ?’

ಲಡಾಖ್‌ನಿಂದ ಮರಳಿ ಬಂದು ಹತ್ತು ವರ್ಷದ ಮೇಲಾಯಿತು. ಮದುವೆಮನೆಯಿರಲಿ, ಶಿಕ್ಷಕರ ತರಬೇತಿಯಿರಲಿ, ಹೋದಲ್ಲೆಲ್ಲ ಈ ಪ್ರಶ್ನೆ ನನಗೆ ಎದುರಾಗುತ್ತದೆ. 2008ರಿಂದ 2013ರವರೆಗೆ ಲೇಹ್ ಪಟ್ಟಣದ ಒಂದು ಕೇಂದ್ರ ಸರ್ಕಾರಿ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸಿದೆ. ಅಲ್ಲಿಗೆ ಹೋದಾಗ ನನಗೆ ಮೂವತ್ತೊಂದು, ಮದುವೆಯಾಗಿರಲಿಲ್ಲ. ಕೇಳಿದವರಿಗೆಲ್ಲ ‘ಏನೂ ಭಯವಿರಲಿಲ್ಲ’ ಎಂದು ಹೇಳಿ ಮುಂದೆ ಸಾಗುತ್ತಿದ್ದೆ. ಆ ಉತ್ತರ ಸುಳ್ಳು. ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಅವಳಿಗೂ ಅಲ್ಲಿಗೇ ನೇಮಕಾತಿ ಆದೇಶ ಬಂದಿದೆ. ‘ಮೇಡಂ, ಭಯವಾಗುತ್ತದೆಯೇ?’ ಎಂದು ಕೇಳಿದಳು. ಅವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಭಯವಾಗಿತ್ತು. ಆದರೆ ಜನ ಅಂದುಕೊಳ್ಳುವ ಯಾವುದಕ್ಕೂ ಅಲ್ಲ.

ಚಳಿಯ ಭಯವನ್ನು ಬೇಗ ಮುಗಿಸಿಬಿಡುತ್ತೇನೆ. ಲೇಹ್ ಇರುವುದು ಸಮುದ್ರಮಟ್ಟದಿಂದ ಸುಮಾರು 11,500 ಅಡಿ ಎತ್ತರದಲ್ಲಿ. ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಮೈನಸ್ 15ಕ್ಕೆ, ಕೆಲವೊಮ್ಮೆ ಇನ್ನೂ ಕೆಳಕ್ಕೆ ಇಳಿಯುತ್ತದೆ. ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಕಲ್ಲಾಗುತ್ತದೆ, ಪೆನ್ನು ಬರೆಯುವುದಿಲ್ಲ, ನಲ್ಲಿಯ ಕೊಳವೆಗಳು ಹೆಪ್ಪುಗಟ್ಟಿ ಕೊಡ ಹಿಡಿದು ನೀರಿಗೆ ಹೋಗಬೇಕಾಗುತ್ತದೆ. ಆದರೆ ಚಳಿ ನಮ್ಮನ್ನು ಮೋಸಮಾಡುವುದಿಲ್ಲ. ಬರುತ್ತೇನೆಂದು ಹೇಳಿಯೇ ಬರುತ್ತದೆ. ಬುಖಾರಿ ಎಂಬ ಕಬ್ಬಿಣದ ಒಲೆ, ಉಣ್ಣೆಯ ಒಳಉಡುಪು, ಹೊತ್ತಿಗೆ ಸರಿಯಾಗಿ ತುಂಬಿಸಿಟ್ಟ ಬಿಸಿನೀರಿನ ಫ್ಲಾಸ್ಕ್ ಇದ್ದರೆ ಬದುಕಬಹುದು. ನವೆಂಬರ್ ಹೊತ್ತಿಗೆ ನಾವು ಬೆಂಚುಗಳನ್ನು ಅಂಗಳಕ್ಕೆ ಒಯ್ದು ಬಿಸಿಲಿನಲ್ಲೇ ಪಾಠ ಮಾಡುತ್ತಿದ್ದೆವು. ಅಲ್ಲಿಯ ಬಿಸಿಲು ಎಷ್ಟು ಚುರುಕೆಂದರೆ ಬೆನ್ನು ಸುಡುತ್ತಿರುತ್ತದೆ, ನೆರಳಿನಲ್ಲಿರುವ ಕಾಲು ಮರಗಟ್ಟಿರುತ್ತದೆ. ಕಡುಚಳಿಯ ತಿಂಗಳುಗಳಲ್ಲಿ ಶಾಲೆಗೆ ದೀರ್ಘ ರಜೆ. ಆಗ ನಾನು ಊರಿಗೆ, ತೀರ್ಥಹಳ್ಳಿಯ ಹತ್ತಿರದ ನಮ್ಮ ಮನೆಗೆ, ಬಂದುಬಿಡುತ್ತಿದ್ದೆ.

ಇನ್ನು ‘ಒಬ್ಬಳೇ ಹೆಂಗಸು’ ಎಂಬ ಮಾತು. ನಿಯುಕ್ತಿಗೆ ಮೊದಲು ಕಚೇರಿಯಲ್ಲಿ ಹಿರಿಯರೊಬ್ಬರು ‘ಹೆಣ್ಣುಮಗಳು, ಬೇಡ ಎಂದು ಒಂದು ಅರ್ಜಿ ಬರೆದುಕೊಡಮ್ಮ’ ಎಂದಿದ್ದರು. ಕಾಳಜಿಯಿಂದಲೇ ಹೇಳಿದ್ದರು. ಆದರೆ ಲೇಹ್‌ನಲ್ಲಿ ರಾತ್ರಿ ಎಂಟೂವರೆಗೆ ಒಬ್ಬಳೇ ಪೇಟೆಯಿಂದ ಮನೆಗೆ ನಡೆದು ಬಂದಷ್ಟು ನಿಶ್ಚಿಂತೆಯಿಂದ ನಾನು ಬೇರೆ ಯಾವ ಊರಿನಲ್ಲೂ ನಡೆದಿಲ್ಲ. ದೊಡ್ಡ ಪೇಟೆಯ ಬೀದಿಯುದ್ದಕ್ಕೂ ತರಕಾರಿ ಹರಡಿಕೊಂಡು ಕುಳಿತವರು ಹೆಂಗಸರು. ಅವರು ತಾವು ಬೆಳೆದ ಟರ್ನಿಪ್, ಪಾಲಕ್, ಏಪ್ರಿಕಾಟ್‌ಗಳನ್ನು ತೂಗುತ್ತಾ ನಮ್ಮ ಕಡೆ ನೋಡಿ ‘ಜುಲ್ಲೇ’ ಎನ್ನುತ್ತಾರೆ. ನಮಸ್ಕಾರಕ್ಕೂ ಅದೇ, ಧನ್ಯವಾದಕ್ಕೂ ಅದೇ, ಹೋಗಿಬರುತ್ತೇನೆ ಎನ್ನುವುದಕ್ಕೂ ಅದೇ ಪದ. ನನ್ನ ಮನೆಯೊಡತಿಯನ್ನು ಎಲ್ಲರೂ ಅಮಾ-ಲೇ ಎನ್ನುತ್ತಿದ್ದರು. ಅಮಾ ಎಂದರೆ ಅಮ್ಮ, ‘ಲೇ’ ಎನ್ನುವುದು ನಮ್ಮ ‘ಅವರು’ ಇದ್ದಂತೆ, ಗೌರವಕ್ಕೆ. ಬಂದಿಳಿದ ದಿನವೇ ನಾನು ಟ್ರಂಕ್ ಹೊತ್ತು ಮೆಟ್ಟಿಲು ಹತ್ತಲು ಹೊರಟಾಗ ಆಕೆ ಅದನ್ನು ಕಿತ್ತುಕೊಂಡು, ಎರಡು ದಿನ ಹಾಸಿಗೆ ಬಿಟ್ಟು ಏಳಕೂಡದೆಂದು ಹರಕು ಹಿಂದಿಯಲ್ಲಿ ಗದರಿದ್ದರು. ಆ ಎತ್ತರಕ್ಕೆ ವಿಮಾನದಲ್ಲಿ ಒಮ್ಮೆಲೇ ಬಂದಿಳಿದವರು ಅದನ್ನು ಪಾಲಿಸದಿದ್ದರೆ ಪ್ರಾಣಕ್ಕೇ ಸಂಚಕಾರ.

ಈಗ ತರಗತಿಗೆ ಬರುತ್ತೇನೆ. ನನ್ನನ್ನು ಯಾರೂ ಇದನ್ನು ಕೇಳುವುದೇ ಇಲ್ಲ. ಕೇಳಿದ್ದರೆ ಗಂಟೆಗಟ್ಟಲೆ ಹೇಳುತ್ತಿದ್ದೆ.

ಆಗ ಒಂಬತ್ತನೆಯ ತರಗತಿಯ ವಿಜ್ಞಾನದ ಮೊದಲ ಪಾಠದಲ್ಲೇ ಮಂಜುಗಡ್ಡೆಯನ್ನು ಕಾಯಿಸಿ, ಅದು ಕರಗುವ ಮತ್ತು ನೀರು ಕುದಿಯುವ ಉಷ್ಣಾಂಶವನ್ನು ಅಳೆಯುವ ಚಟುವಟಿಕೆ ಇತ್ತು. ಬೀಕರ್‌ನಲ್ಲಿ ನೀರು ಗುಳುಗುಳು ಕುದಿಯತೊಡಗಿತು. ಥರ್ಮಾಮೀಟರಿನ ಪಾದರಸ 88ರ ಹತ್ತಿರ ಬಂದು ನಿಂತಿತು. ಮಕ್ಕಳು ಕಾದರು, ಉರಿ ಜೋರು ಮಾಡಿದರು. ಅದು ಕದಲಲಿಲ್ಲ. ‘ಮೇಡಂ, ಇದು ಕೆಟ್ಟಿದೆ’ ಎಂದ ಒಬ್ಬ ಹುಡುಗ. ಬೇರೆ ಥರ್ಮಾಮೀಟರ್ ತಂದೆವು. ಅದೂ ಅಲ್ಲಿಯೇ ನಿಂತಿತು. ಪುಸ್ತಕದಲ್ಲಿ 100 ಡಿಗ್ರಿ ಎಂದು ಅಚ್ಚಾಗಿತ್ತು. ಮೂವತ್ತು ಜೊತೆ ಕಣ್ಣುಗಳು ಪುಸ್ತಕದಿಂದ ಬೀಕರ್‌ಗೆ, ಬೀಕರ್‌ನಿಂದ ನನ್ನ ಮುಖಕ್ಕೆ ತಿರುಗಿದವು. ಕಾರಣ ನನಗೆ ಗೊತ್ತಿತ್ತು. ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರತೀರದಲ್ಲಿರುವುದರ ಸುಮಾರು ಮೂರನೇ ಎರಡು ಭಾಗ ಮಾತ್ರ. ಒತ್ತಡ ಇಳಿದಂತೆ ನೀರು ಬೇಗ ಕುದಿಯುತ್ತದೆ, ಆದರೆ ಅಷ್ಟು ಬಿಸಿಯಾಗುವುದಿಲ್ಲ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ವಾರಕ್ಕೊಮ್ಮೆ ಕೂಡ ಬಾಯಿ ಬಿಡದ ಹುಡುಗಿ. ‘ಅದಕ್ಕೇ ನಮ್ಮ ಮನೆಯಲ್ಲಿ ಕುಕ್ಕರ್ ಇಲ್ಲದೆ ಬೇಳೆ ಬೇಯುವುದೇ ಇಲ್ಲ’ ಎಂದಳು.

ಆ ವಾರವೆಲ್ಲ ನಾವು ಪುಸ್ತಕ ಮುಚ್ಚಿಟ್ಟು ಕುಕ್ಕರ್ ಬಗ್ಗೆಯೇ ಪಾಠ ಮಾಡಿದೆವು. ಕೊನೆಯಲ್ಲಿ ಒಬ್ಬ ಕೇಳಿದ: ‘ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು?’ ನೂರು ಎಂದು ಬರೆ, ಸಮುದ್ರಮಟ್ಟದ ಒತ್ತಡದಲ್ಲಿ ಎಂದು ಸೇರಿಸು, ಅದರ ಕೆಳಗೆ ನಮ್ಮ ಊರಿನಲ್ಲಿ 88 ಎಂದೂ ಬರೆ ಎಂದೆ. ಬಯಲಿನಲ್ಲಿ ಕುಳಿತವರು ಬರೆದ ಪುಸ್ತಕಗಳು ಬೆಟ್ಟದ ಮಕ್ಕಳ ಕೈಗೆ ಬಂದಾಗ, ತಪ್ಪಿರುವುದು ತಮ್ಮ ಊರಿನದೇ ಎಂದು ಮಕ್ಕಳು ನಂಬಿಬಿಡುತ್ತಾರೆ. ಅಲ್ಲಿ ಭಾಷೆಯದೂ ಇದೇ ಕಥೆಯಾಗಿತ್ತು. ಒಂದು ಕಾಲದಲ್ಲಿ ಲಡಾಖಿ ಮಾತನಾಡುವ ಮಕ್ಕಳು ಉರ್ದುವಿನಲ್ಲಿ ಓದಿ, ಒಂಬತ್ತನೆಯ ತರಗತಿಗೆ ಬರುತ್ತಿದ್ದಂತೆ ಥಟ್ಟನೆ ಇಂಗ್ಲಿಷಿಗೆ ಹೊರಳಬೇಕಿತ್ತು. ಮಕ್ಕಳು ಮೆಟ್ರಿಕ್‌ನಲ್ಲಿ ರಾಶಿರಾಶಿಯಾಗಿ ಅನುತ್ತೀರ್ಣರಾಗುತ್ತಿದ್ದರು. ಇದನ್ನು ಕಂಡು ಅಲ್ಲಿಯ ತರುಣರೇ 1988ರಲ್ಲಿ ಸೆಕ್ಮಾಲ್ ಎಂಬ ಸಂಸ್ಥೆ ಕಟ್ಟಿದರು. 1994ರಿಂದ ‘ಆಪರೇಷನ್ ನ್ಯೂ ಹೋಪ್’ ಹೆಸರಿನಲ್ಲಿ ಊರಿನವರನ್ನೂ ಸರ್ಕಾರವನ್ನೂ ಸೇರಿಸಿಕೊಂಡು ಸರ್ಕಾರಿ ಶಾಲೆಗಳನ್ನು ಸುಧಾರಿಸಲು ಹೊರಟರು. ನಾನು ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಇಂಗ್ಲಿಷಿಗೆ ಜಿಗಿದವಳು. ಆ ಮಕ್ಕಳ ಮೌನ ಎಲ್ಲಿಂದ ಬರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನುಬ್ರಾ, ಚಾಂಗ್‌ಥಾಂಗ್ ಕಡೆಯ ಮಕ್ಕಳು ಓದಿಗಾಗಿ ಲೇಹ್‌ನಲ್ಲಿ ಕೋಣೆ ಬಾಡಿಗೆ ಹಿಡಿದೋ ನೆಂಟರ ಮನೆಯಲ್ಲೋ ಇರುತ್ತಿದ್ದರು. ಭಾನುವಾರ ಅವರಲ್ಲಿ ನಾಲ್ಕೈದು ಜನ ನನ್ನ ಮನೆಗೆ ಬರುತ್ತಿದ್ದರು. ಲೆಕ್ಕ ಕೇಳುವ ನೆಪ ಮೊದಲು, ಊಟ ಆಮೇಲೆ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಅವರು ಖಂಬೀರ್ ರೊಟ್ಟಿಗೆ ಸವರಿಕೊಂಡು ಕಣ್ಣಲ್ಲಿ ನೀರು ಸುರಿಸುತ್ತಾ ತಿನ್ನುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಧೈರ್ಯದ ಮಾತು ಬಂದಾಗ ಒಂದನ್ನು ಹೇಳಲೇಬೇಕು. ನನಗೆ ಕೇಂದ್ರ ಸರ್ಕಾರದ ಸಂಬಳವಿತ್ತು, ಊರಿನಲ್ಲೇ ವಿಮಾನ ನಿಲ್ದಾಣವಿತ್ತು, ಕಷ್ಟದ ಸ್ಥಳದಲ್ಲಿ ಅವಧಿ ಮುಗಿಸಿದವರಿಗೆ ವರ್ಗಾವಣೆಯಲ್ಲಿ ಸಿಗುವ ಆದ್ಯತೆಯಿತ್ತು. ನನ್ನ ಗೆಳತಿಯಾದ ಲಡಾಖಿ ಶಿಕ್ಷಕಿಯೊಬ್ಬರು ಅದಕ್ಕೂ ಮೊದಲು ಝಂಸ್ಕಾರ್‌ನ ಹಳ್ಳಿಯೊಂದರಲ್ಲಿ ಏಳು ಮಕ್ಕಳ ಶಾಲೆ ನಡೆಸಿದ್ದರು. ಕಾರ್ಗಿಲ್‌ನಿಂದ ಝಂಸ್ಕಾರ್‌ನ ಮುಖ್ಯ ಊರಾದ ಪದುಮ್‌ಗೆ ಹೋಗುವ ಸುಮಾರು 240 ಕಿಲೋಮೀಟರ್ ರಸ್ತೆ ಪೆನ್ಸಿ ಲಾ ಎಂಬ ಎತ್ತರದ ಘಟ್ಟದಲ್ಲಿ ಹಿಮ ಬಿದ್ದಾಗ ತಿಂಗಳುಗಟ್ಟಲೆ ಮುಚ್ಚಿಹೋಗುತ್ತಿತ್ತು. ಆಗ ಹೊರಗೆ ಬರಬೇಕಾದರೆ ಹೆಪ್ಪುಗಟ್ಟಿದ ಝಂಸ್ಕಾರ್ ನದಿಯ ಮೇಲೆ, ‘ಚಾದರ್’ ಎನ್ನುವ ಆ ದಾರಿಯಲ್ಲಿ, ರಾತ್ರಿ ಗುಹೆಗಳಲ್ಲಿ ತಂಗುತ್ತಾ ದಿನಗಟ್ಟಲೆ ನಡೆಯಬೇಕಿತ್ತು. ಆಕೆ ಎರಡು ಬಾರಿ ನಡೆದಿದ್ದರು. ‘ಭಯವಾಗಲಿಲ್ಲವೇ’ ಎಂದು ಅವರನ್ನು ಯಾರೂ ಕೇಳಿರಲಿಕ್ಕಿಲ್ಲ. ಆ ಊರಿನವರೇ ಅಲ್ಲವೇ, ಅಭ್ಯಾಸವಿರುತ್ತದೆ ಎಂದುಕೊಂಡುಬಿಡುತ್ತೇವೆ. ಮಂಜಿನ ಮೇಲೆ ಕಾಲು ಜಾರಿದರೆ ಊರಿನವರ ಎಲುಬೂ ಮುರಿಯುತ್ತದೆ.

ನನ್ನ ಭಯದ ಹೆಸರು ದೂರ.

ಹೋದ ದಿನವೇ ನನ್ನ ಮೊಬೈಲ್ ಸತ್ತಿತು. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಮತ್ತು ಕಾಶ್ಮೀರದಲ್ಲಿ ನಡೆಯುವುದಿಲ್ಲ. ಲಡಾಖ್ ಆಗ ಆ ರಾಜ್ಯದ ಭಾಗವೇ ಆಗಿತ್ತು. ಎಸ್‌ಟಿಡಿ ಬೂತ್‌ನ ಮುಂದೆ ಯೋಧರ ಸಾಲಿನಲ್ಲಿ ನಿಂತು ಮನೆಗೆ ಫೋನ್ ಮಾಡಿದ್ದೆ. ಆಮೇಲೆ ಅಲ್ಲಿಯ ಸಂಖ್ಯೆ ಸಿಕ್ಕಿತು, ವಾರಕ್ಕೆ ಮೂರು ಸಲ ಮಾತಾಗುತ್ತಿತ್ತು, ದೂರ ಮರೆತೂ ಹೋಯಿತು. 2010ರ ಆಗಸ್ಟ್ 5ರ ರಾತ್ರಿ ಅದು ಮತ್ತೆ ಎದುರು ಬಂದು ನಿಂತಿತು. ವರ್ಷವಿಡೀ ಸೇರಿದರೂ ಸುಮಾರು 100 ಮಿಲಿಮೀಟರ್ ಮಳೆಯಷ್ಟೇ ಬೀಳುವ ಊರದು. ಮನೆಗಳು ಹಸಿ ಮಣ್ಣಿನ ಇಟ್ಟಿಗೆಯವು, ಮೇಲೆ ಮಣ್ಣಿನದೇ ಚಪ್ಪಟೆ ಮಾಡು. ಮೇಘಸ್ಫೋಟಕ್ಕೆ ಬೆಟ್ಟದ ಕೆಸರು ಕಲ್ಲುಬಂಡೆಗಳನ್ನು ಹೊತ್ತು ಕೆಳಗಿಳಿಯಿತು. ಲೇಹ್ ಪಕ್ಕದ ಚೋಗ್ಲಮ್ಸರ್‌ನಲ್ಲಿ ಮನೆಗಳ ಸಾಲುಗಳೇ ಹೋದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನಾನು ಮಲೆನಾಡಿನವಳು, ಮಳೆಯ ಸದ್ದಿಗೆ ನಿದ್ದೆ ಹೋಗಿ ಬೆಳೆದವಳು. ಆ ರಾತ್ರಿ ಅಮಾ-ಲೇ ಜೊತೆ ಗೋಡೆಗೆ ಒರಗಿ ಕುಳಿತು, ಮಾಡಿನಿಂದ ಜಾರುವ ಕೆಸರನ್ನು ಬೋಗುಣಿಗಳಲ್ಲಿ ಹಿಡಿಯುತ್ತಾ ಬೆಳಗು ಮಾಡಿದೆ. ಟೆಲಿಫೋನ್ ವಿನಿಮಯ ಕೇಂದ್ರವೇ ಹಾಳಾಗಿತ್ತು. ತೀರ್ಥಹಳ್ಳಿಯಲ್ಲಿ ಅಪ್ಪ ಅಮ್ಮ ಟಿವಿಯ ಮುಂದೆ ಕುಳಿತು ಊರಿನ ಹೆಸರನ್ನಷ್ಟೇ ನೋಡುತ್ತಿದ್ದರು. ನಾಲ್ಕನೆಯ ದಿನ ನನ್ನ ವಿದ್ಯಾರ್ಥಿಯೊಬ್ಬನ ತಂದೆ, ಸೇನೆಯಲ್ಲಿದ್ದವರು, ಅರ್ಧ ನಿಮಿಷ ಮನೆಯವರ ಜೊತೆ ಮಾತನಾಡಿಸಿದರು. ಅಮ್ಮನಿಗೆ ದನಿಯೇ ಹೊರಡಲಿಲ್ಲ. ಅಪ್ಪ ಫೋನ್ ಇಸಿದುಕೊಂಡು ‘ಇದ್ದೀಯಲ್ಲ, ಸಾಕು’ ಎಂದರು.

2012ರ ಮಾರ್ಚ್‌ನಲ್ಲಿ ಅಪ್ಪ ತೀರಿಕೊಂಡರು. ಮಧ್ಯಾಹ್ನ ಎರಡಕ್ಕೆ ಅಣ್ಣನ ಫೋನ್ ಬಂತು. ಆಗ ಲೇಹ್‌ನ ವಿಮಾನಗಳೆಲ್ಲ ಬೆಳಗಿನ ಹೊತ್ತಿನವಾಗಿದ್ದವು. ಮಧ್ಯಾಹ್ನ ಬೆಟ್ಟಗಳ ನಡುವೆ ಗಾಳಿ ಏಳುತ್ತದೆ. ಶ್ರೀನಗರದ ದಾರಿಯಲ್ಲಿ ಝೋಜಿ ಲಾ ಘಟ್ಟ ಮುಚ್ಚಿತ್ತು, ಮನಾಲಿಯ ದಾರಿಯೂ ಮುಚ್ಚಿತ್ತು. ಮರುದಿನ ನಸುಕಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋದೆ. ಹಿಮ ಬೀಳುತ್ತಿತ್ತು. ದೆಹಲಿಯಿಂದ ಹೊರಟ ವಿಮಾನ ಮೇಲೆ ಬಂದು ಇಳಿಯಲಾಗದೆ ಹಿಂದಿರುಗಿತು. ಅದರ ಸದ್ದು ಕೇಳಿಸಿತು, ವಿಮಾನ ಕಾಣಿಸಲಿಲ್ಲ. ಅದರ ಮರುದಿನವೂ ಹಾಗೆಯೇ ಆಯಿತು. ನನಗಾಗಿ ಕಾಯಲೇ ಎಂದು ಅಣ್ಣ ಫೋನಿನಲ್ಲಿ ಕೇಳಿದ. ಕಾಯಬೇಡ ಎಂದು ನಾನೇ ಹೇಳಬೇಕಾಯಿತು. ಹಿಂದಿರುಗಿ ಬಂದು ಕೋಣೆಯಲ್ಲಿ ಕುಳಿತಿದ್ದಾಗ ಅಮಾ-ಲೇ ಬಂದರು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಅಪ್ಪನ ಹೆಸರು ಕೇಳಿದರು. ಎರಡು ಮೂರು ಸಲ ಹೇಳಿಸಿಕೊಂಡು ಬಾಯಿಗೆ ಕೂರಿಸಿಕೊಂಡರು. ಪೂಜೆಯ ಕೋಣೆಯಲ್ಲಿ ಬೆಣ್ಣೆಯ ದೀಪ ಹಚ್ಚಿ, ತಮ್ಮ ಭಾಷೆಯ ಪ್ರಾರ್ಥನೆಯ ನಡುವೆ ಆ ಕನ್ನಡದ ಹೆಸರನ್ನು ಸೇರಿಸಿ ಹೇಳಿದರು. ನಮ್ಮೂರಿನ ತುಂಗೆಯ ದಡದಲ್ಲಿ ಚಿತೆ ಉರಿಯುತ್ತಿದ್ದ ಹೊತ್ತಿಗೆ ನಾನು ಆ ದೀಪದ ಎದುರು ಕುಳಿತಿದ್ದೆ.

ಅದಾದ ಮೇಲೂ ಒಂದು ವರ್ಷ ಇದ್ದೆ. ಹತ್ತನೆಯ ತರಗತಿಗೆ ಬಂದಿದ್ದ ಮಕ್ಕಳನ್ನು ನಡುವೆ ಬಿಟ್ಟುಬರಲು ಆಗಲಿಲ್ಲ. ಹಿಂದಿನ ಬೆಂಚಿನ ಆ ಹುಡುಗಿ ಈಗ ಅಲ್ಲಿಯೇ ಭೌತಶಾಸ್ತ್ರ ಕಲಿಸುತ್ತಿದ್ದಾಳೆ.

ನನ್ನ ವಿದ್ಯಾರ್ಥಿನಿಗೆ ಇಷ್ಟನ್ನೂ ಹೇಳಿದೆ. ಪೋಸ್ಟ್‌ಪೇಯ್ಡ್ ಸಿಮ್ ಮಾಡಿಸಿಕೋ, ಮೊದಲ ಎರಡು ದಿನ ಮಲಗಿಯೇ ಇರು, ಹೊರಡುವ ಮೊದಲು ಮನೆಯವರನ್ನೆಲ್ಲ ಕೂರಿಸಿಕೊಂಡು ‘ನಾನು ಬರುವುದು ತಡವಾದರೆ ಕಾಯಬೇಡಿ’ ಎಂಬ ಮಾತನ್ನು ಆಡಿ ಮುಗಿಸು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಮೇಡಂ, ಕುಕ್ಕರ್ ಎಷ್ಟು ಲೀಟರಿನದು ಒಯ್ಯಲಿ? ಒಬ್ಬಳಿಗೆ ಎರಡು ಲೀಟರಿನದು ಸಾಕಲ್ಲವೇ?’ ಎಂದು ಕೇಳಿದಳು.

ಐದು ಲೀಟರಿನದು ತೆಗೆದುಕೋ ಎಂದೆ. ಗ್ಯಾಸ್ಕೆಟ್ ಎರಡು ಹೆಚ್ಚಿಗೆ ಇಟ್ಟುಕೋ. ಭಾನುವಾರ ಮಕ್ಕಳು ಬರುತ್ತಾರೆ.